ಅಂಗಿ ಹೊಲಿದು ಬೆಳೆದ ದೇಶಕ್ಕೆ ಪದವೀಧರರ ಪ್ರಶ್ನೆ

ಢಾಕಾ ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯದ ಬಾಗಿಲು ತೆರೆಯುವುದಕ್ಕೆ ಮೊದಲೇ ಅದರ ಮುಂದೆ ಚೀಲಗಳ ಸಾಲು ಹುಟ್ಟಿಕೊಳ್ಳುವುದು ವರ್ಷಗಳಿಂದ ಅಲ್ಲಿನ ಪತ್ರಿಕೆಗಳಿಗೆ ಚಿತ್ರವಾಗಿ ಒದಗುತ್ತ ಬಂದಿರುವ ನೋಟ. ನಸುಕಿನಲ್ಲೇ ಬಂದ ವಿದ್ಯಾರ್ಥಿ ತನ್ನ ಚೀಲವನ್ನು ಸರದಿಯಲ್ಲಿಟ್ಟು ಚಹಾ ಕುಡಿಯಲು ಹೋಗುತ್ತಾನೆ. ಒಳಗೆ ಜಾಗ ಸಿಕ್ಕ ಮೇಲೆ ಇವರಲ್ಲಿ ಅನೇಕರು ಪುಸ್ತಕದ ಕಪಾಟುಗಳತ್ತ ತಿರುಗಿಯೂ ನೋಡುವುದಿಲ್ಲ. ಬೇಕಾದದ್ದು ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೊಂದು ಪಂಖ. ಚೀಲದೊಳಗಿರುವುದು ಬಿಸಿಎಸ್ ಎಂಬ ಸರ್ಕಾರಿ ಸೇವೆಯ ಪರೀಕ್ಷೆಗೆ ಬೇಕಾದ ಮಾರ್ಗದರ್ಶಿಗಳು. ಒಂದೊಂದು ಸುತ್ತಿಗೂ ಮೂರು ಲಕ್ಷಕ್ಕಿಂತ ಹೆಚ್ಚು ಜನ ಅರ್ಜಿ ಹಾಕುವ ಈ ಪರೀಕ್ಷೆಯಲ್ಲಿ ದೊರೆಯುವ ಹುದ್ದೆಗಳು ಮೂರು ಸಾವಿರದ ಆಸುಪಾಸು.

ಅದೇ ಹೊತ್ತಿಗೆ ನಗರದ ಹೊರವಲಯದ ಆಶುಲಿಯಾ, ಗಾಜಿಪುರ, ನಾರಾಯಣಗಂಜ್‌ಗಳಲ್ಲಿ ಇನ್ನೊಂದು ಸಾಲು ನಡೆಯುತ್ತಿರುತ್ತದೆ. ಬಣ್ಣಬಣ್ಣದ ಸಲ್ವಾರ್ ಕಮೀಜು ತೊಟ್ಟು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಸಿದ್ಧ ಉಡುಪು ಕಾರ್ಖಾನೆಗಳ ಗೇಟಿನತ್ತ ಬಿರಬಿರನೆ ಹೆಜ್ಜೆ ಹಾಕುವ ಹೆಣ್ಣುಮಕ್ಕಳ ಸಾಲು. ಬಾಂಗ್ಲಾದೇಶವನ್ನು ಅರ್ಧ ಶತಮಾನ ಹೊತ್ತು ತಂದದ್ದು ಈ ಎರಡನೇ ಸಾಲು. ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಮೊದಲನೇ ಸಾಲನ್ನು ಅವಲಂಬಿಸಿದೆ. ಎರಡಕ್ಕೂ ನಡುವೆ ಸೇತುವೆ ಇನ್ನೂ ಬಿದ್ದಿಲ್ಲ.

ಕರ್ನಾಟಕದ ಮುಕ್ಕಾಲು ಪಾಲಿನಷ್ಟು ನೆಲ. ಅದರ ಮೇಲೆ 2022ರ ಜನಗಣತಿಯ ಪ್ರಕಾರ ಸುಮಾರು 17 ಕೋಟಿ ಜನ. ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಇನ್ನೂ ಇಪ್ಪತ್ತೇಳು ದಾಟದವರು. ವರ್ಷಕ್ಕೆ ಸುಮಾರು 20 ಲಕ್ಷ ಯುವಕ ಯುವತಿಯರು ಹೊಸದಾಗಿ ಕೆಲಸ ಹುಡುಕಿಕೊಂಡು ಹೊರಡುತ್ತಾರೆಂದು ಅಂದಾಜು. ಯುವಜನರೇ ದೇಶದ ಸಂಪತ್ತು ಎಂದು ಭಾಷಣಗಳಲ್ಲಿ ಹೇಳುವುದು ಸುಲಭ. ಕೆಲಸ ಕೊಡದಿದ್ದರೆ ಅದೇ ಸಂಪತ್ತು ಏನು ಮಾಡೀತು ಎಂಬುದನ್ನು ಜಗತ್ತು 2024ರ ಜುಲೈ ತಿಂಗಳಲ್ಲಿ ಢಾಕಾದ ಬೀದಿಗಳಲ್ಲಿ ಕಂಡಿತು.

ಬೆಲ್ಲ, ಉಪ್ಪು, ನೀರು

1971ರಲ್ಲಿ ಈ ದೇಶ ಹುಟ್ಟಿದಾಗ ಅದರ ಭವಿಷ್ಯದ ಬಗ್ಗೆ ಒಳ್ಳೆಯ ಮಾತಾಡಿದವರು ಕಡಿಮೆ. ಅಮೆರಿಕದ ಅಧಿಕಾರಸ್ಥರ ಸಭೆಯೊಂದರಲ್ಲಿ ಅದನ್ನು ಜಗತ್ತಿನ ಖಾಯಂ ಭಿಕ್ಷಾಪಾತ್ರೆ ಎಂಬರ್ಥದಲ್ಲಿ ವರ್ಣಿಸಲಾಯಿತು. ಆ ಮಾತು ಹೆನ್ರಿ ಕಿಸಿಂಜರ್ ಹೆಸರಿಗೆ ಅಂಟಿಕೊಂಡು ಉಳಿಯಿತು. 1970ರ ಚಂಡಮಾರುತ, ಯುದ್ಧ, 1974ರ ಕ್ಷಾಮ ಒಂದರ ಬೆನ್ನಿಗೆ ಒಂದು ಬಂದಿದ್ದವು. 1976ರಲ್ಲಿ ಫಾಲಂಡ್ ಮತ್ತು ಪಾರ್ಕಿನ್‌ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬರೆದ ಪುಸ್ತಕದ ಧಾಟಿಯೂ ಹಾಗೆಯೇ ಇತ್ತು: ಅಭಿವೃದ್ಧಿ ಎಂಬುದು ಇಲ್ಲಿ ಸಾಧ್ಯವಾದರೆ ಎಲ್ಲಿ ಬೇಕಾದರೂ ಸಾಧ್ಯವಾದೀತು.

ಆಗಿನ ಬಾಂಗ್ಲಾ ತಾಯಿ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳನ್ನು ಹೆರುತ್ತಿದ್ದಳು. ಅವುಗಳಲ್ಲಿ ಕೆಲವನ್ನು ಭೇದಿ ಒಯ್ಯುತ್ತಿತ್ತು. ಎಲ್ಲ ಮಕ್ಕಳೂ ಉಳಿಯುವ ಭರವಸೆಯಿಲ್ಲದ ಮನೆಯಲ್ಲಿ ಎರಡೇ ಸಾಕು ಎಂದು ಯಾರೂ ಹೇಳುವುದಿಲ್ಲ. ಈ ಗಂಟನ್ನು ಬಿಚ್ಚಿದ ಕೆಲಸಗಳಲ್ಲಿ ಒಂದು ಅತ್ಯಂತ ಸರಳವಾದದ್ದು. ಫಜ್ಲೆ ಹಸನ್ ಅಬೆದ್ ಕಟ್ಟಿದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ ಹತ್ತು ವರ್ಷ ಹಳ್ಳಿಹಳ್ಳಿಯ ಮನೆಮನೆಗೂ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲವನ್ನು ಅರ್ಧ ಸೇರು ನೀರಿಗೆ ಬೆರೆಸುವುದನ್ನು ತಾಯಂದಿರ ಕೈಯಲ್ಲೇ ಮಾಡಿಸಿ ಕಲಿಸಿದರು. ಹೀಗೆ ಮುಟ್ಟಿದ ಮನೆಗಳು ಒಂದು ಕೋಟಿಗೂ ಹೆಚ್ಚು. ಕಾರ್ಯಕರ್ತೆಯರಿಗೆ ಸಿಗುತ್ತಿದ್ದ ಸಂಬಳದ ಲೆಕ್ಕ ಸ್ವಾರಸ್ಯಕರ. ಎಷ್ಟು ಮನೆಗೆ ಹೋದರು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಕೆಲವು ದಿನ ಬಿಟ್ಟು ಮೇಲ್ವಿಚಾರಕರು ಬಂದು ಪರೀಕ್ಷಿಸಿದಾಗ ಎಷ್ಟು ತಾಯಂದಿರಿಗೆ ಪಾಠ ಸರಿಯಾಗಿ ನೆನಪಿದೆ ಎಂಬುದರ ಮೇಲೆ ಹಣ. ನಮ್ಮ ಎಷ್ಟೋ ಸರ್ಕಾರಿ ಯೋಜನೆಗಳಿಗೆ ಈ ಒಂದು ಷರತ್ತು ಹಾಕಿದ್ದರೆ ಸಾಕಿತ್ತು.

ಸರ್ಕಾರವೂ ಕೈಕಟ್ಟಿ ಕೂರಲಿಲ್ಲ. ಕುಟುಂಬ ಯೋಜನೆಯ ಕಾರ್ಯಕರ್ತೆಯರು ಪರದೆಯೊಳಗಿನ ಹೆಂಗಸರ ಬಾಗಿಲಿಗೇ ಗುಳಿಗೆ ಮುಟ್ಟಿಸಿದರು. 1982ರಲ್ಲಿ ಸಣ್ಣದಾಗಿ ಶುರುವಾಗಿ 1994ರಲ್ಲಿ ಗ್ರಾಮಾಂತರ ಪ್ರದೇಶಕ್ಕೆಲ್ಲ ಹಬ್ಬಿದ ವಿದ್ಯಾರ್ಥಿವೇತನ ಹುಡುಗಿಯರನ್ನು ಪ್ರೌಢಶಾಲೆಗೆ ಎಳೆದು ತಂದಿತು. ಪಡೆಯುವವಳು ಮದುವೆಯಾಗಿರಬಾರದು ಎಂಬುದು ಅದರ ಷರತ್ತುಗಳಲ್ಲೊಂದು. ಇಂದು ಬಾಂಗ್ಲಾ ತಾಯಿಗೆ ಸರಾಸರಿ ಎರಡಕ್ಕಿಂತ ತುಸು ಹೆಚ್ಚು ಮಕ್ಕಳು. ದುಡಿಯುವ ಕೈಗಳಿಗೆ ಹೋಲಿಸಿದರೆ ಉಣ್ಣುವ ಬಾಯಿಗಳು ಕಡಿಮೆಯಾದವು. ಅರ್ಥಶಾಸ್ತ್ರಜ್ಞರು ಜನಸಂಖ್ಯೆಯ ಲಾಭಾಂಶ ಎಂದು ಕರೆಯುವುದು ಇದನ್ನೇ. ಇದು ಒಮ್ಮೆ ಮಾತ್ರ ಸಿಗುವ ಲಾಭಾಂಶ. ಇಂದಿನ ಯುವಕರು ಮುದುಕರಾಗುವವರೆಗೆ ಅದರ ಅವಧಿ.

ನೂರಮೂವತ್ತು ಮಂದಿಯ ಪಯಣ

ಆ ಕೈಗಳಿಗೆ ಕೆಲಸ ಕೊಟ್ಟ ಕಥೆ 1979ರಲ್ಲಿ ಶುರುವಾಗುತ್ತದೆ. ಸರ್ಕಾರಿ ಅಧಿಕಾರಿಯಾಗಿದ್ದು ಉದ್ಯಮಕ್ಕಿಳಿದ ನೂರುಲ್ ಖಾದರ್ ಖಾನ್ ತಮ್ಮ ದೇಶ್ ಗಾರ್ಮೆಂಟ್ಸ್‌ನ ಸುಮಾರು 130 ಮಂದಿಯನ್ನು ದಕ್ಷಿಣ ಕೊರಿಯಾದ ಪುಸಾನ್‌ಗೆ ಕಳುಹಿಸಿದರು. ಅಲ್ಲಿ ಡೇವೂ ಕಂಪನಿಯ ಕಾರ್ಖಾನೆಯಲ್ಲಿ ಅವರಿಗೆ ಸುಮಾರು ಆರು ತಿಂಗಳ ತರಬೇತಿ. ಕೊರಿಯಾದವರಿಗೆ ಈ ಔದಾರ್ಯ ಏಕೆಂದರೆ, ಶ್ರೀಮಂತ ದೇಶಗಳು 1974ರಲ್ಲಿ ತಂದಿದ್ದ ಬಹುನಾರು ಒಪ್ಪಂದ ಕೊರಿಯಾದ ಬಟ್ಟೆ ರಫ್ತಿಗೆ ಮಿತಿ ಹಾಕಿತ್ತು. ಬಾಂಗ್ಲಾದೇಶಕ್ಕೆ ಮಿತಿ ಇರಲಿಲ್ಲ. ಮಿತಿ ಹಾಕುವಷ್ಟು ರಫ್ತೇ ಇರಲಿಲ್ಲ! ತಮ್ಮ ಬಾಗಿಲು ಮುಚ್ಚಿದರೆ ಪಕ್ಕದ ಮನೆಯ ಬಾಗಿಲಿಂದ ಹೋಗುವ ಉಪಾಯ ಅದು.

ಪುಸಾನ್‌ನಿಂದ ಮರಳಿದ ಆ ತಂಡ ದೇಶ್‌ನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಅವರಲ್ಲಿ ನೂರಕ್ಕೂ ಮಿಕ್ಕಿ ಜನ ಹೊರಬಂದು ಸ್ವಂತ ಕಾರ್ಖಾನೆ ತೆರೆದರು ಇಲ್ಲವೇ ಹೊಸ ಕಾರ್ಖಾನೆಗಳಿಗೆ ಸೇರಿದರು. ತರಬೇತಿಗೆ ಹಣ ಸುರಿದ ಮಾಲೀಕರಿಗೆ ಇದು ನಷ್ಟ, ದೇಶಕ್ಕೆ ಮಾತ್ರ ಬಿತ್ತನೆ. ಅವರು ಒಯ್ದದ್ದು ಹೊಲಿಗೆಯನ್ನಷ್ಟೇ ಅಲ್ಲ. ಸರಕು ತರಿಸುವ, ಸಾಗಿಸುವ, ಬ್ಯಾಂಕಿನೊಂದಿಗೆ ವ್ಯವಹರಿಸುವ ವಿದ್ಯೆಯೂ ಜೊತೆಗೆ ಹೋಯಿತು. ವಿದೇಶಿ ಕೊಳ್ಳುಗ ಕಳುಹಿಸಿದ ಸಾಲಪತ್ರವನ್ನೇ ಆಧಾರವಾಗಿಟ್ಟುಕೊಂಡು ಬಟ್ಟೆ ತರಿಸಲು ಬ್ಯಾಂಕು ಮತ್ತೊಂದು ಸಾಲಪತ್ರ ತೆರೆದುಕೊಡುವ ಏರ್ಪಾಟು ಬಂತು. ಹೊಲಿದು ರಫ್ತು ಮಾಡುವ ಷರತ್ತಿನ ಮೇಲೆ ಸುಂಕವಿಲ್ಲದೆ ಬಟ್ಟೆ ತರಿಸಿ ಗೋದಾಮಿನಲ್ಲಿಡುವ ಅನುಮತಿಯೂ ಸಿಕ್ಕಿತು. ಕೈಯಲ್ಲಿ ಬಂಡವಾಳವಿಲ್ಲದವನೂ ಒಂದು ಮಹಡಿ ಬಾಡಿಗೆಗೆ ಹಿಡಿದು, ನೂರಿನ್ನೂರು ಹೊಲಿಗೆ ಯಂತ್ರ ಹಾಕಿ ರಫ್ತುದಾರನಾಗಬಹುದಾಯಿತು. ಒಂದು ಕಾಲಕ್ಕೆ ಸೆಣಬಿನ ದೇಶವಾಗಿದ್ದದ್ದು ಅಂಗಿಯ ದೇಶವಾದದ್ದು ಹೀಗೆ. ಹತ್ತಿ ಹೆಚ್ಚು ಬೆಳೆಯದ ನಾಡು ಚೀನಾದ ನಂತರ ಜಗತ್ತಿನ ಅತಿ ದೊಡ್ಡ ಉಡುಪು ರಫ್ತುದಾರರ ಸಾಲಿಗೆ ಸೇರಿತು. ರಫ್ತಿನ ಗಳಿಕೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಈ ಒಂದೇ ಕಸುಬಿನದು.

ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಈ ಕಥೆಯ ಒಳಗು ಚೆನ್ನಾಗಿ ಗೊತ್ತು. ಅದೇ ವಿದೇಶಿ ಬ್ರ್ಯಾಂಡುಗಳು, ಅದೇ ಗಂಟೆಗಿಷ್ಟು ತುಂಡು ಎಂಬ ಗುರಿ. ಬೆಂಗಳೂರಿನಲ್ಲಿ ಕೂಲಿ ಏರಿದರೆ ಆರ್ಡರು ಢಾಕಾಕ್ಕೆ ಹೋದೀತು ಎಂಬ ಮಾತು ಇಲ್ಲಿ, ಢಾಕಾದಲ್ಲಿ ಏರಿದರೆ ಇನ್ನೆಲ್ಲಿಗೋ ಎಂಬ ಮಾತು ಅಲ್ಲಿ.

ಕಡಿಮೆ ಕೂಲಿಯ ಈ ಓಟದ ಬೆಲೆ ಎಷ್ಟೆಂಬುದು 2013ರ ಏಪ್ರಿಲ್ 24ರಂದು ಸಾವರ್‌ನಲ್ಲಿ ತಿಳಿಯಿತು. ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡದಲ್ಲಿ ಹಿಂದಿನ ದಿನವೇ ಬಿರುಕು ಕಂಡಿತ್ತು. ಅದರಲ್ಲಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು. ಮೇಲಿನ ಮಹಡಿಗಳ ಉಡುಪು ಕಾರ್ಖಾನೆಗಳು ಮರುದಿನ ಕೆಲಸಕ್ಕೆ ಕರೆದವು. ಸತ್ತವರು 1,100ಕ್ಕೂ ಹೆಚ್ಚು. ಆಮೇಲೆ ವಿದೇಶಿ ಬ್ರ್ಯಾಂಡುಗಳೂ ಕಾರ್ಮಿಕ ಸಂಘಗಳೂ ಸೇರಿ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳನ್ನು ತಪಾಸಣೆ ಮಾಡಿಸಿದ್ದರಿಂದ ಕಟ್ಟಡಗಳು ಭದ್ರವಾದದ್ದು ನಿಜ. ಕೂಲಿಯ ಮಾತು ಬೇರೆ. 2006ರಲ್ಲಿ 1,662 ಟಾಕಾ ಇದ್ದ ತಿಂಗಳ ಕನಿಷ್ಠ ವೇತನ 2010ರಲ್ಲಿ 3,000, 2013ರಲ್ಲಿ 5,300, 2018ರಲ್ಲಿ 8,000 ಆಯಿತು. 2023ರಲ್ಲಿ ಕಾರ್ಮಿಕರು 23,000 ಕೇಳಿ ಬೀದಿಗಿಳಿದರು, ಪ್ರಾಣವನ್ನೂ ತೆತ್ತರು. ಸಿಕ್ಕಿದ್ದು 12,500 ಟಾಕಾ. ಆಗಿನ ದರದಲ್ಲಿ ಸುಮಾರು 113 ಡಾಲರ್.

ರಫ್ತು ಬೆಳೆಯಿತು, ಕೆಲಸ ನಿಂತಿತು

2020ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಆ ವರ್ಷ ಡಾಲರ್ ಲೆಕ್ಕದ ತಲಾ ಆದಾಯದಲ್ಲಿ ಬಾಂಗ್ಲಾದೇಶ ಭಾರತವನ್ನು ಕೂದಲೆಳೆಯಷ್ಟು ಮೀರಬಹುದೆಂದು ಅಂದಾಜಿಸಿದಾಗ ದೆಹಲಿಯಲ್ಲಿ ಸಣ್ಣ ಕೋಲಾಹಲವೇ ಆಯಿತು. 2022ರ ಜೂನ್‌ನಲ್ಲಿ ಪದ್ಮಾ ನದಿಗೆ 6.15 ಕಿಲೋಮೀಟರಿನ ಸೇತುವೆ ತೆರೆಯಿತು. ಭ್ರಷ್ಟಾಚಾರದ ಆರೋಪದ ಮೇಲೆ ವಿಶ್ವಬ್ಯಾಂಕ್ 2012ರಲ್ಲಿ ಸಾಲ ಹಿಂತೆಗೆದುಕೊಂಡಿದ್ದ ಯೋಜನೆಯನ್ನು ದೇಶ ತನ್ನದೇ ಹಣದಲ್ಲಿ ಮುಗಿಸಿತ್ತು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಇತ್ತು.

ಒಳಗಿನ ಒಂದು ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. 2010-11ರಲ್ಲಿ ಉಡುಪಿನ ರಫ್ತು ಸುಮಾರು 1,800 ಕೋಟಿ ಡಾಲರ್. ಮುಂದಿನ ಹನ್ನೊಂದು ವರ್ಷಗಳಲ್ಲಿ ಅದು ದುಪ್ಪಟ್ಟಿಗೂ ಮೀರಿತು. ಕಾರ್ಮಿಕರ ಸಂಖ್ಯೆ? ಆಗಲೂ 40 ಲಕ್ಷದ ಆಸುಪಾಸು, ಈಗಲೂ ಅಷ್ಟೇ. ಸ್ವೆಟರ್ ಕಾರ್ಖಾನೆಗಳಿಗೆ ಕಂಪ್ಯೂಟರ್ ಆಜ್ಞೆಯಲ್ಲಿ ನಡೆಯುವ ಜಕಾರ್ಡ್ ಯಂತ್ರಗಳು ಬಂದವು. ಹಲವರು ಕೈಯಲ್ಲಿ ಹೆಣೆಯುತ್ತಿದ್ದುದನ್ನು ಒಬ್ಬ ಆಳು ನಾಲ್ಕಾರು ಯಂತ್ರಗಳನ್ನು ಕಾಯುತ್ತ ಮಾಡಬಲ್ಲವನಾದ. ಯಂತ್ರ ಬಂದ ಕಡೆ ಅದರ ಪಕ್ಕ ನಿಂತವನು ಹೆಚ್ಚಾಗಿ ಗಂಡಸು. ಒಂದು ಕಾಲಕ್ಕೆ ನೂರಕ್ಕೆ ಎಂಬತ್ತರಷ್ಟಿದ್ದ ಹೆಣ್ಣುಮಕ್ಕಳ ಪಾಲು ಇತ್ತೀಚಿನ ಸಮೀಕ್ಷೆಗಳಲ್ಲಿ ಅರವತ್ತಕ್ಕಿಂತ ಕೆಳಗಿಳಿದಿದೆ. ಯಂತ್ರದ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅದಿಲ್ಲದಿದ್ದರೆ ಆರ್ಡರೇ ಉಳಿಯುತ್ತಿರಲಿಲ್ಲ. ಕೊರಿಯಾ ಅಂಗಿ ಹೊಲಿಯುವುದನ್ನು ಬಿಟ್ಟಾಗ ಹಡಗು, ಉಕ್ಕು, ವಿದ್ಯುನ್ಮಾನ ಉದ್ಯಮಗಳನ್ನು ಕಟ್ಟಿಕೊಂಡಿತ್ತು. ವಿಯೆಟ್ನಾಂ ಅಂಗಿಯ ಜೊತೆಜೊತೆಗೇ ಮೊಬೈಲ್ ಫೋನ್ ರಫ್ತಿಗೆ ಕೈಹಾಕಿತು. ಬಾಂಗ್ಲಾದೇಶ ಮಾತ್ರ ಅಂಗಿಯಲ್ಲೇ ನಿಂತಿತು.

ಇನ್ನೊಂದೆಡೆ ಶಾಲೆಗೆ ಹೋದ ಮಕ್ಕಳು ಕಾಲೇಜಿಗೂ ಹೋದರು. 1992ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಯೂನಿವರ್ಸಿಟಿಯ ಅಡಿಯಲ್ಲಿ ಜಿಲ್ಲೆ, ತಾಲೂಕು ಊರುಗಳಲ್ಲೆಲ್ಲ ಪದವಿ ಕಾಲೇಜುಗಳು ಎದ್ದವು. ದೇಶದ ಪದವಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಓದುವುದು ಇಲ್ಲಿಯೇ. ಕಲಿಸುವ ಮೇಷ್ಟರು ಸಾಲದ, ಪ್ರಯೋಗಾಲಯವಿಲ್ಲದ ಕಾಲೇಜುಗಳಲ್ಲಿ. 2022ರ ಕಾರ್ಮಿಕ ಸಮೀಕ್ಷೆಯಲ್ಲಿ ಒಟ್ಟು ನಿರುದ್ಯೋಗ ನೂರಕ್ಕೆ ಮೂರೂವರೆಯಷ್ಟಿದ್ದರೆ ಪದವೀಧರರಲ್ಲಿ ಅದು ಹನ್ನೆರಡರಷ್ಟು. ಬಡವನಿಗೆ ನಿರುದ್ಯೋಗಿಯಾಗಿ ಕೂರುವ ಅನುಕೂಲ ಎಲ್ಲಿದೆ? ಅವನು ರಿಕ್ಷಾ ತುಳಿಯುತ್ತಾನೆ, ಗದ್ದೆಗೆ ಹೋಗುತ್ತಾನೆ, ಲೆಕ್ಕದಲ್ಲಿ ಉದ್ಯೋಗಿ ಅನಿಸಿಕೊಳ್ಳುತ್ತಾನೆ. ದೇಶದ ದುಡಿಮೆಗಾರರಲ್ಲಿ ಸುಮಾರು ನೂರಕ್ಕೆ ಎಂಬತ್ತೈದು ಮಂದಿ ಹೀಗೆ ಕಾಗದ ಪತ್ರವಿಲ್ಲದ ಕೆಲಸದವರೇ. ಸೆಣಬಿನ ಗದ್ದೆ ಮಾರಿ ಮಗನನ್ನು ಓದಿಸಿದ ಅಪ್ಪನಿಗೆ ಮಗ ಸರ್ಕಾರಿ ನೌಕರನಾಗುವುದೊಂದೇ ದಾರಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಗ್ರಂಥಾಲಯದೆದುರಿನ ಚೀಲಗಳ ಹಿಂದಿರುವುದು ಈ ಲೆಕ್ಕ.

ಆ ಸರ್ಕಾರಿ ಹುದ್ದೆಗಳಲ್ಲಿ 1971ರ ಸ್ವಾತಂತ್ರ್ಯ ಹೋರಾಟಗಾರರ ಮಕ್ಕಳು ಮೊಮ್ಮಕ್ಕಳಿಗೇ ನೂರಕ್ಕೆ 30 ಮೀಸಲಾಗಿತ್ತು. ಮಹಿಳೆಯರು, ಜಿಲ್ಲೆಗಳು, ಬುಡಕಟ್ಟಿನವರು, ಅಂಗವಿಕಲರು ಎಲ್ಲ ಸೇರಿ ಮೀಸಲು 56. ವಿದ್ಯಾರ್ಥಿಗಳ ಪ್ರತಿಭಟನೆಯ ನಂತರ 2018ರಲ್ಲಿ ರದ್ದಾದ ಈ ಪದ್ಧತಿಯನ್ನು 2024ರ ಜೂನ್‌ನಲ್ಲಿ ಹೈಕೋರ್ಟು ಮರಳಿ ತಂದಿತು. ಜುಲೈಯಲ್ಲಿ ವಿಶ್ವವಿದ್ಯಾಲಯಗಳು ಹೊತ್ತಿಕೊಂಡವು. ಜುಲೈ 16ರಂದು ರಂಗಪುರದಲ್ಲಿ ಬೇಗಂ ರೊಕೆಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಬು ಸಯೀದ್ ಎರಡೂ ಕೈ ಚಾಚಿ ಪೊಲೀಸರೆದುರು ನಿಂತು ಗುಂಡಿಗೆ ಬಲಿಯಾದ ದೃಶ್ಯವನ್ನು ದೇಶವೆಲ್ಲ ಕಂಡಿತು. ಜುಲೈ 21ರಂದು ಸುಪ್ರೀಂ ಕೋರ್ಟು ಮೀಸಲನ್ನು ನೂರಕ್ಕೆ ಏಳಕ್ಕೆ ಇಳಿಸಿತು. ಆ ಹೊತ್ತಿಗೆ ಪ್ರಶ್ನೆ ಮೀಸಲಾತಿಯನ್ನು ದಾಟಿಹೋಗಿತ್ತು. ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ಭಾರತಕ್ಕೆ ಹಾರಿದರು. ಮೂರು ದಿನ ಬಿಟ್ಟು ನೊಬೆಲ್ ಪುರಸ್ಕೃತ ಮುಹಮ್ಮದ್ ಯೂನುಸ್ ಮಧ್ಯಂತರ ಸರ್ಕಾರದ ಹೊಣೆ ಹೊತ್ತರು. ಆ ಕೆಲವು ವಾರಗಳಲ್ಲಿ ಸತ್ತವರು 1,400ರಷ್ಟಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಅಂದಾಜಿಸಿತು.

ಎಲ್ಲ ಮೀಸಲನ್ನೂ ತೆಗೆದುಹಾಕಿದರೂ ಹುದ್ದೆ ಮೂರು ಸಾವಿರವೇ. ಮಧ್ಯಂತರ ಸರ್ಕಾರ ಅರ್ಜಿಯ ವಯೋಮಿತಿಯನ್ನು 30ರಿಂದ 32ಕ್ಕೆ ಏರಿಸಿತು. ಕಾಯುವವರಿಗೆ ಇನ್ನೆರಡು ವರ್ಷ ಕಾಯಲು ಅವಕಾಶ ಸಿಕ್ಕಿತೆಂದಷ್ಟೇ ಇದರ ಅರ್ಥ.

ತಳದ ತೂತು

ಬೆಳವಣಿಗೆಯ ಅಂಕಿಅಂಶಗಳಲ್ಲೂ ಹುಳುಕಿತ್ತೆಂದು ಆಮೇಲೆ ಹೊರಬಂತು. 2024ರ ಜುಲೈಯಲ್ಲಿ, ಹಸೀನಾ ಇನ್ನೂ ಅಧಿಕಾರದಲ್ಲಿದ್ದಾಗಲೇ, ಕೇಂದ್ರ ಬ್ಯಾಂಕು ಹತ್ತು ತಿಂಗಳ ರಫ್ತಿನ ಲೆಕ್ಕದಿಂದ ಸುಮಾರು 1,400 ಕೋಟಿ ಡಾಲರನ್ನು ಅಳಿಸಿಹಾಕಿತು. ಒಂದೇ ಸರಕನ್ನು ಎರಡೆರಡು ಬಾರಿ ಎಣಿಸಲಾಗಿತ್ತು. ಅರ್ಥಶಾಸ್ತ್ರಜ್ಞ ದೇಬಪ್ರಿಯ ಭಟ್ಟಾಚಾರ್ಯರ ನೇತೃತ್ವದ ಸಮಿತಿ ಅದೇ ಡಿಸೆಂಬರ್‌ನಲ್ಲಿ ಕೊಟ್ಟ ಶ್ವೇತಪತ್ರದಂತೆ 2009ರಿಂದ 2023ರವರೆಗೆ ವರ್ಷಕ್ಕೆ ಸರಾಸರಿ 1,600 ಕೋಟಿ ಡಾಲರ್ ಅಕ್ರಮವಾಗಿ ದೇಶದಿಂದ ಹೊರಗೆ ಹರಿದಿತ್ತು. 2024ರ ಕೊನೆಗೆ ಬ್ಯಾಂಕುಗಳು ಕೊಟ್ಟ ಸಾಲದಲ್ಲಿ ಐದನೇ ಒಂದು ಭಾಗ ಮರಳಿ ಬಾರದ್ದೆಂದು ಲೆಕ್ಕಕ್ಕೆ ಬಂತು. ಹೊಸ ಉದ್ಯಮಕ್ಕೆ ಹೋಗಬೇಕಾಗಿದ್ದ ಹಣ ಹಳೆಯ ಪ್ರಭಾವಿಗಳ ಜೇಬಿನಲ್ಲಿ ಕರಗಿತ್ತು.

ಅದಕ್ಕಿಂತ ಹಳೆಯ ರೋಗ ಇನ್ನೊಂದಿದೆ. ರಾಷ್ಟ್ರೀಯ ಉತ್ಪನ್ನದಲ್ಲಿ ನೂರಕ್ಕೆ ಏಳೆಂಟರಷ್ಟು ಮಾತ್ರ ತೆರಿಗೆಯಾಗಿ ಬೊಕ್ಕಸಕ್ಕೆ ಬರುತ್ತದೆ. ಜಗತ್ತಿನಲ್ಲೇ ತೀರ ಕೆಳಗಿನ ಮಟ್ಟ ಇದು, ನೇಪಾಳವೂ ಇದರ ದುಪ್ಪಟ್ಟು ಸಂಗ್ರಹಿಸುತ್ತದೆ. ಹೀಗಾಗಿ ಶಿಕ್ಷಣಕ್ಕೆ ನೂರಕ್ಕೆ ಎರಡರಷ್ಟನ್ನು ಕೊಡುವುದೂ ಕಷ್ಟ. ಬೆಲ್ಲ ಉಪ್ಪಿನ ಪಾಠ ಅಗ್ಗದಲ್ಲಿ ಮುಗಿಯಿತು. ತಾಂತ್ರಿಕ ವಿದ್ಯೆಯ ಪಾಠ ಅಷ್ಟು ಅಗ್ಗಕ್ಕೆ ಸಿಗುವಂಥದಲ್ಲ.

ಕೆಲಸ ಸಿಗದವರಿಗೆ ಉಳಿದ ದಾರಿ ವಿಮಾನ ನಿಲ್ದಾಣದ್ದು. ಒಂದು ಕೋಟಿಗೂ ಹೆಚ್ಚು ಬಾಂಗ್ಲಾದೇಶಿಗಳು ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ, ಇತರೆಡೆ ದುಡಿಯುತ್ತಾರೆ. 2024-25ರಲ್ಲಿ ಅವರು ಮನೆಗೆ ಕಳುಹಿಸಿದ ಹಣ ಸುಮಾರು 3,000 ಕೋಟಿ ಡಾಲರ್. ವಿದೇಶಿ ವಿನಿಮಯ ಬತ್ತಿಹೋಗುತ್ತಿದ್ದ ದೇಶವನ್ನು ಆ ವರ್ಷ ಎತ್ತಿ ಹಿಡಿದದ್ದು ಈ ಹಣವೇ. ದಲ್ಲಾಳಿಗೆ, ವೀಸಾಕ್ಕೆ ಸುರಿದ ಸಾಲ ತೀರಿಸುವಷ್ಟರಲ್ಲಿ ಹೋದವನ ಒಂದೂವರೆ ವರ್ಷದ ಗಳಿಕೆ ಮುಗಿದಿರುತ್ತದೆ.

ಮುಂದಿನ ಪರೀಕ್ಷೆಗೆ ದಿನಾಂಕ ಕೂಡ ಬಿದ್ದಿದೆ. ಬಾಂಗ್ಲಾದೇಶ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮೇಲೇರುವ ದಿನವನ್ನು 2026ರ ನವೆಂಬರ್ 24 ಎಂದು ವಿಶ್ವಸಂಸ್ಥೆಯ ಮಹಾಸಭೆ 2021ರಲ್ಲಿ ಗೊತ್ತುಮಾಡಿತು. ಇದು ಗೌರವವೇ, ಆದರೆ ದುಬಾರಿ ಗೌರವ. ಬಡ ದೇಶವೆಂಬ ಕಾರಣಕ್ಕೆ 2001ರಿಂದ ಯುರೋಪು ಕೊಟ್ಟಿರುವ ಸುಂಕರಹಿತ ಪ್ರವೇಶ, ಪಟ್ಟಿಯಿಂದ ಹೊರಬಂದ ಮೂರು ವರ್ಷದ ನಂತರ ನಿಲ್ಲುತ್ತದೆ. ಅಂಗಿಯ ಮೇಲೆ ನೂರಕ್ಕೆ ಹತ್ತು ಹನ್ನೆರಡರಷ್ಟು ಸುಂಕ ಬಿದ್ದರೆ ಉಳಿಯುವ ಲಾಭವೆಷ್ಟು ಎಂದು ಕಾರ್ಖಾನೆ ಮಾಲೀಕರು ಈಗಾಗಲೇ ಬೆರಳು ಮಡಿಸುತ್ತಿದ್ದಾರೆ. ಔಷಧ ಉದ್ಯಮಕ್ಕೂ ಪೆಟ್ಟಿದೆ. ಡಾ. ಜಫ್ರುಲ್ಲಾ ಚೌಧರಿ ಮುಂತಾದವರ ಒತ್ತಾಸೆಯಿಂದ 1982ರಲ್ಲಿ ಬಂದ ಔಷಧ ನೀತಿಯ ಬಲದಿಂದ ಈ ದೇಶ ತನಗೆ ಬೇಕಾದ ಔಷಧವನ್ನೆಲ್ಲ ಹೆಚ್ಚುಕಡಿಮೆ ತಾನೇ ತಯಾರಿಸಿಕೊಳ್ಳುತ್ತಿದೆ. ಪೇಟೆಂಟಿನ ಹಂಗಿಲ್ಲದೆ ತಯಾರಿಸುವ ಸೌಲಭ್ಯವೂ ಬಡವರ ಪಟ್ಟಿಯೊಂದಿಗೇ ಹೋಗುತ್ತದೆ. ಅಂಗಿ ಬಿಟ್ಟರೆ ಪದವೀಧರರಿಗೆ ನಿಜವಾದ ಕೆಲಸ ಕೊಡಬಲ್ಲ ಕೆಲವೇ ಉದ್ಯಮಗಳಲ್ಲಿ ಇದೊಂದು ಎಂಬುದನ್ನು ನೆನೆದರೆ ಈ ಪೆಟ್ಟು ಸಣ್ಣದಲ್ಲ.

ಹಾಗೆಂದು ಕೈಚೆಲ್ಲುವ ಸ್ಥಿತಿಯೂ ಇಲ್ಲ. ತೆರಿಗೆ ಎತ್ತುವುದು, ಬ್ಯಾಂಕುಗಳನ್ನು ಪ್ರಭಾವಿಗಳ ಕೈಯಿಂದ ಬಿಡಿಸುವುದು, ಕಾಲೇಜುಗಳಲ್ಲಿ ಕಲಿಸುವುದನ್ನು ಕೆಲಸಕ್ಕೆ ಹೊಂದಿಸುವುದು ಯಾವುದೂ ಹೊಸ ಮಂತ್ರವಲ್ಲ. ಮನೆಮನೆಗೂ ಪಾಠ ಮುಟ್ಟಿಸಿದ ದೇಶಕ್ಕೆ ಮಾಡಲು ಬಾರದ ಕೆಲಸವೂ ಅಲ್ಲ. ಅಡ್ಡಿ ಇರುವುದು ಬೇರೆಡೆ. ತಾಯಂದಿರಿಗೆ ಬೆಲ್ಲದ ನೀರು ಕಲಿಸಿದಾಗ ಯಾವ ಶ್ರೀಮಂತನಿಗೂ ನಷ್ಟವಾಗಿರಲಿಲ್ಲ. ಈಗ ಮಾಡಬೇಕಾದ ಪ್ರತಿಯೊಂದು ಕೆಲಸದಿಂದಲೂ ಅಧಿಕಾರಕ್ಕೆ ಹತ್ತಿರವಿರುವ ಯಾರಿಗೋ ನಷ್ಟವಿದೆ. ಮುಂದೆ ಯಾವ ಪಕ್ಷ ಆಳಿದರೂ ಅದರ ಧೈರ್ಯ ಪರೀಕ್ಷೆಗೊಳಗಾಗುವುದು ಇಲ್ಲಿಯೇ.

ಹೆಣ್ಣುಮಕ್ಕಳ ಪ್ರಶ್ನೆಯೂ ಇದರಲ್ಲೇ ಸೇರಿದೆ. ಶಾಲೆಯಲ್ಲಿ ಹುಡುಗರನ್ನು ಹಿಂದೆ ಹಾಕಿದ ಹುಡುಗಿಯರಲ್ಲಿ ಅರ್ಧದಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗುತ್ತಿದೆ. ಜನಸಂಖ್ಯೆಯ ಲಾಭಾಂಶದ ಮಾತಾಡುವಾಗ ಅದರ ಅರ್ಧ ಪಾಲು ಅಡುಗೆಮನೆಯಲ್ಲೇ ಉಳಿಯುವುದನ್ನು ಮರೆತೇಬಿಡಲಾಗುತ್ತದೆ.

ಸಮಯ ಬಹಳವಿಲ್ಲ. 2022ರ ಜನಗಣತಿಯಲ್ಲಿ ಅರವತ್ತು ದಾಟಿದವರು ಒಂದೂವರೆ ಕೋಟಿ, ನೂರಕ್ಕೆ ಒಂಬತ್ತು. 2050ರ ಹೊತ್ತಿಗೆ ಐವರಲ್ಲೊಬ್ಬರು ಆ ವಯಸ್ಸಿನವರಾಗುತ್ತಾರೆಂದು ವಿಶ್ವಸಂಸ್ಥೆಯ ಲೆಕ್ಕ. 2023ರ ಆಗಸ್ಟ್‌ನಲ್ಲಿ ಸರ್ವಜನ ಪಿಂಚಣಿ ಯೋಜನೆಯೊಂದು ಶುರುವಾಯಿತು. ತಾವಾಗಿ ಸೇರಿ ಕಂತು ಕಟ್ಟಿದವರು ಕಡಿಮೆ. 1985ರ ಸುಮಾರಿಗೆ ಹದಿನೆಂಟರ ಪ್ರಾಯದಲ್ಲಿ ಹಳ್ಳಿಯಿಂದ ಬಂದು ಹೊಲಿಗೆ ಯಂತ್ರದ ಮುಂದೆ ಕೂತ ಮೊದಲ ತಲೆಮಾರಿನ ಹೆಣ್ಣುಮಕ್ಕಳಿಗೆ ಈಗ ಅರವತ್ತರ ಹತ್ತಿರ. ನಲವತ್ತರೊಳಗೇ ಕಣ್ಣು, ಸೊಂಟ ಸೋತು ಅವರಲ್ಲಿ ಹೆಚ್ಚಿನವರು ಊರಿಗೆ ಮರಳಿಯಾಗಿದೆ. ಬಡ ಹೆಂಗಸಿಗೆ 62 ತುಂಬಿದರೆ ಸರ್ಕಾರದ ವೃದ್ಧಾಪ್ಯ ಭತ್ಯೆಗೆ ಅರ್ಜಿ ಹಾಕಬಹುದು. 2023-24ರಲ್ಲಿ ಅದು ತಿಂಗಳಿಗೆ 600 ಟಾಕಾ ಇತ್ತು.